ಮೂರು ಐರಿಷ್ ಪುಸ್ತಕಗಳೂ ಒಂದು ಪಾಠಶಾಲೆಯೂ

ಒಂದು ಭಾಷೆಗೆ ರಾಜ್ಯಾಂಗದ ಮನ್ನಣೆ ಇರಬಹುದು. ನಾಣ್ಯದ ಮೇಲೆ ಅದರ ಅಕ್ಷರವಿರಬಹುದು. ಬೀದಿಬೀದಿಯ ಫಲಕದಲ್ಲಿ ಅದು ಕಾಣಿಸಬಹುದು. ಬಹುಪಾಲು ಮಕ್ಕಳು ಶಾಲೆಗೆ ಸೇರಿದ ದಿನದಿಂದ ಶಾಲೆ ಬಿಡುವ ದಿನದವರೆಗೆ ಅದನ್ನು ಓದುತ್ತಿರಬಹುದು. ಇಷ್ಟೆಲ್ಲ ಇದ್ದೂ, ಆಟದ ಬಯಲಿನಲ್ಲಿ ಜಗಳವಾದಾಗ ಆ ಮಕ್ಕಳು ಒಬ್ಬರನ್ನೊಬ್ಬರು ಬೈದುಕೊಳ್ಳುವುದು ಬೇರೊಂದು ಭಾಷೆಯಲ್ಲಾದರೆ, ಆ ಮೊದಲ ಭಾಷೆ ಬದುಕಿದೆಯೆಂದು ಹೇಳಬೇಕೋ ಇಲ್ಲವೆಂದು ಹೇಳಬೇಕೋ? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಐರ್ಲೆಂಡ್ ಎಂಬ ಪುಟ್ಟ ದೇಶ ನೂರು ವರ್ಷಗಳಿಂದ ಈ ಪ್ರಶ್ನೆಯ ನಡುವೆ ಬಾಳುತ್ತಿದೆ.

ಲೆಕ್ಕವನ್ನು ಮೊದಲು ನೋಡೋಣ. 2022ರ ಜನಗಣತಿಯಲ್ಲಿ ತಮಗೆ ಐರಿಷ್ ಮಾತನಾಡಲು ಬರುವುದೆಂದು ಬರೆಸಿದವರು 18,73,997 ಮಂದಿ. ಎಂದರೆ ಮೂರು ವರ್ಷ ತುಂಬಿದವರಲ್ಲಿ ನೂರಕ್ಕೆ ನಲವತ್ತು ಜನ. ಕೇಳಲು ಹಿತವಾದ ಸಂಖ್ಯೆ. ಆದರೆ ಇವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮಗದು ಚೆನ್ನಾಗಿ ಬಾರದೆಂದು ತಾವೇ ಒಪ್ಪಿದ್ದಾರೆ. ದಿನವೂ ಆಡುವವರು 6,23,961 ಮಂದಿ. ಅವರಲ್ಲಿ 5,51,993 ಮಂದಿ ಶಾಲೆಯ ಗೋಡೆಗಳ ಒಳಗೆ ಮಾತ್ರ ಆಡುವವರು. ಗೋಡೆಯ ಹೊರಗೂ ದಿನನಿತ್ಯ ಆಡುವವರು ಉಳಿದ 71,968 ಮಂದಿ. ಶಾಲೆಯ ಗಂಟೆ ಬಾರಿಸಿದೊಡನೆ ನೂರಕ್ಕೆ ಎಂಬತ್ತೆಂಟು ಬಾಯಿಗಳು ಆ ಭಾಷೆಯನ್ನು ಚೀಲದಲ್ಲಿಟ್ಟು ಮುಚ್ಚುತ್ತವೆ ಎಂದಾಯಿತು.

ಇದಕ್ಕೆ ಕಾರಣಗಳನ್ನು ಅರ್ಥಶಾಸ್ತ್ರಜ್ಞರು ಹೇಳಿದ್ದಾರೆ, ಶಿಕ್ಷಣಶಾಸ್ತ್ರಜ್ಞರು ಹೇಳಿದ್ದಾರೆ. ನಾನು ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುವವನು. ಆದುದರಿಂದ ನನಗೆ ತಿಳಿದ ದಾರಿ ಪುಸ್ತಕಗಳದು. ಐರಿಷ್ ಭಾಷೆಯ ಮೂರು ಗದ್ಯಕೃತಿಗಳನ್ನು ಇಂಗ್ಲಿಷ್ ಅನುವಾದದ ಮೂಲಕ ಓದಿದ್ದೇನೆ. ಒಂದು, ಪಠ್ಯವಾದ ಪುಸ್ತಕ. ಇನ್ನೊಂದು, ಅಂಥ ಪುಸ್ತಕಗಳನ್ನು ಕಂಡು ನಕ್ಕ ಪುಸ್ತಕ. ಮೂರನೆಯದು, ಅಳು ನಗೆ ಎರಡನ್ನೂ ದಾಟಿ ಭಾಷೆಯನ್ನು ಅದರ ಪೂರ್ಣ ಕೋಪದಲ್ಲಿ ಮಾತನಾಡಿಸಿದ ಪುಸ್ತಕ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಪಾಠಶಾಲೆಯ ಕಥೆ ತಾನಾಗಿ ಹೊರಬೀಳುತ್ತದೆ.

ಆ ಶಾಲೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1831ರಲ್ಲಿ ಐರ್ಲೆಂಡಿನಲ್ಲಿ 'ರಾಷ್ಟ್ರೀಯ ಶಾಲೆ'ಗಳು ಆರಂಭವಾದುವು. ಹೆಸರು ರಾಷ್ಟ್ರೀಯ, ಬೋಧನೆಯೆಲ್ಲ ಇಂಗ್ಲಿಷ್. ಐರಿಷ್ ಬಿಟ್ಟು ಬೇರೆ ಮಾತು ಬಾರದ ಮಕ್ಕಳಿಗೂ ಇಂಗ್ಲಿಷೇ. ಮಗುವಿನ ಕೊರಳಿಗೆ ಒಂದು ಕಡ್ಡಿಯನ್ನು ಕಟ್ಟಿ, ಅದು ಐರಿಷ್ ಆಡಿದಾಗಲೆಲ್ಲ ಆ ಕಡ್ಡಿಯಲ್ಲಿ ಒಂದು ಕಚ್ಚು ಹಾಕಿ, ಕಚ್ಚುಗಳನ್ನೆಣಿಸಿ ಏಟು ಕೊಡುವ ಪದ್ಧತಿಯೂ ಹಲವೆಡೆ ಇತ್ತು. ಮನಸ್ಸನ್ನು ಇರಿಯುವ ಸಂಗತಿಯೆಂದರೆ, ಈ ಕೆಲಸದಲ್ಲಿ ತಂದೆತಾಯಿಗಳೇ ಉಪಾಧ್ಯಾಯರೊಡನೆ ಕೈಗೂಡಿಸಿದರು. ಅವರನ್ನು ದೂಷಿಸುವುದು ಸುಲಭ. ಆದರೆ 1845ರಿಂದ ಮುಂದಿನ ಕೆಲವು ವರ್ಷ ಆಲೂಗೆಡ್ಡೆಯ ಬೆಳೆ ಕೊಳೆತು ಮಹಾಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷಕ್ಕೂ ಮೀರಿ ಜನ ಹಡಗು ಹತ್ತಿ ಹೋದರು. ಸತ್ತವರಲ್ಲಿಯೂ ಹೋದವರಲ್ಲಿಯೂ ಐರಿಷ್ ಆಡುತ್ತಿದ್ದ ಬಡವರೇ ಹೆಚ್ಚು. ಉಳಿದವರಿಗೆ ತಮ್ಮ ಭಾಷೆ ಹಸಿವಿನ ಭಾಷೆಯಾಗಿಯೂ ಇಂಗ್ಲಿಷ್ ಅಮೆರಿಕದ ಟಿಕೇಟಾಗಿಯೂ ಕಂಡಿತು. 1851ರ ಜನಗಣತಿಯಲ್ಲಿ ಹದಿನೈದು ಲಕ್ಷವಿದ್ದ ಐರಿಷ್ ಭಾಷಿಕರು 1891ರ ಹೊತ್ತಿಗೆ ಏಳು ಲಕ್ಷಕ್ಕೂ ಕಡಿಮೆಯಾಗಿದ್ದರು.

1893ರಲ್ಲಿ ಡಗ್ಲಾಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಎಂಬ ಸಂಘವನ್ನು ಸ್ಥಾಪಿಸಿದರು. ಪ್ಯಾಟ್ರಿಕ್ ಪಿಯರ್ಸ್ ಈ ಚಳವಳಿಯಲ್ಲಿ ಬೆಳೆದವನು. ಕವಿ, ಶಿಕ್ಷಕ, ಕೊನೆಗೆ ಬಂಡಾಯದ ನಾಯಕ. 1908ರಲ್ಲಿ ಅವನು ಡಬ್ಲಿನ್ನಿನಲ್ಲಿ ಸೇಂಟ್ ಎಂಡಾ ಎಂಬ ಶಾಲೆಯನ್ನು ತೆರೆದನು. ಅಲ್ಲಿ ಐರಿಷ್, ಇಂಗ್ಲಿಷ್ ಎರಡರಲ್ಲಿಯೂ ಪಾಠ. ನಮಗೆ ಕುತೂಹಲದ ವಿಷಯವೊಂದು ಇಲ್ಲಿದೆ. 1913ರ ಮೇ ತಿಂಗಳಲ್ಲಿ ಈ ಶಾಲೆಯ ಸಹಾಯಾರ್ಥವಾಗಿ ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ ಎರಡು ನಾಟಕಗಳಾದುವು: ಒಂದು ಪಿಯರ್ಸ್ ಐರಿಷ್ ಭಾಷೆಯಲ್ಲಿ ಬರೆದದ್ದು, ಇನ್ನೊಂದು ರವೀಂದ್ರನಾಥ ಠಾಕೂರರ 'ಅಂಚೆಯ ಮನೆ'. ಕೋಣೆಯೊಳಗೆ ಕೂಡಿಹಾಕಿದ ಹುಡುಗನೊಬ್ಬ ಕಿಟಕಿಯಿಂದ ಲೋಕವನ್ನು ನೋಡುವ ಆ ನಾಟಕ ಪಿಯರ್ಸನ ಶಾಲೆಯ ಪರವಾಗಿ ಆಡಲ್ಪಟ್ಟದ್ದು ಎಷ್ಟು ಉಚಿತ! ಏಕೆಂದರೆ ಅವನಿಗೆ ಅಂದಿನ ವಿದ್ಯಾಭ್ಯಾಸದ ಮೇಲಿದ್ದ ದೊಡ್ಡ ಆರೋಪವೇ ಅದು ಮಕ್ಕಳನ್ನು ಕೂಡಿಹಾಕುತ್ತದೆ ಎಂಬುದು. 1916ರಲ್ಲಿ ಪ್ರಕಟವಾದ ಅವನ ಕಿರುಹೊತ್ತಗೆಯ ಹೆಸರು 'ಕೊಲೆಯಂತ್ರ'. ಪರೀಕ್ಷೆಗೂ ನಿಗದಿಯಾದ ಪಠ್ಯಕ್ಕೂ ಮಕ್ಕಳನ್ನು ಅರೆದು ಒಂದೇ ಅಚ್ಚಿನಲ್ಲಿ ಹೊರಹಾಕುವ ಯಂತ್ರವೆಂದು ಅವನು ಅದನ್ನು ಜರೆದನು. ಅದೇ ವರ್ಷ ಮೇ 3ರಂದು ಆಂಗ್ಲ ಸರ್ಕಾರ ಅವನನ್ನು ಗುಂಡಿಕ್ಕಿ ಕೊಂದಿತು.

ಮುಂದೆ ನಡೆದುದನ್ನು ನೋಡಿ. 1922ರಲ್ಲಿ ಹೊಸ ರಾಜ್ಯ ಹುಟ್ಟಿತು. ಪಿಯರ್ಸನನ್ನು ಹುತಾತ್ಮನೆಂದು ಪೂಜಿಸುವವರ ಕೈಗೆ ಶಾಲೆಗಳು ಬಂದುವು. ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಐರಿಷ್ ಕಲಿಸತಕ್ಕದ್ದೆಂದೂ, ಎಳೆಯ ಮಕ್ಕಳ ತರಗತಿಗಳಲ್ಲಿ ಎಲ್ಲವನ್ನೂ ಐರಿಷಿನಲ್ಲಿಯೇ ನಡೆಸತಕ್ಕದ್ದೆಂದೂ ನಿಯಮವಾಯಿತು. 1934ರಿಂದ, ಶಾಲೆ ಮುಗಿಸುವ ಕೊನೆಯ ಪರೀಕ್ಷೆಯಲ್ಲಿ ಐರಿಷಿನಲ್ಲಿ ತೇರ್ಗಡೆಯಾಗದವನು ಇಡೀ ಪರೀಕ್ಷೆಯಲ್ಲಿ ನಪಾಸು. ಗಣಿತದಲ್ಲಿ ಮೊದಲಿಗನಾಗಿರಲಿ, ಲ್ಯಾಟಿನ್ನಿನಲ್ಲಿ ಪಂಡಿತನಾಗಿರಲಿ, ನಪಾಸು. ಈ ನಿಯಮ 1973ರವರೆಗೆ ಜೀವಂತವಾಗಿತ್ತು. ಪಿಯರ್ಸ್ ಯಾವ ಯಂತ್ರವನ್ನು ಮುರಿಯಬೇಕೆಂದಿದ್ದನೋ ಅದನ್ನು ಅವನ ಅನುಯಾಯಿಗಳು ಮುರಿಯಲಿಲ್ಲ. ಅದರ ಬಾಯಿಗೆ ಅವನ ಪ್ರೀತಿಯ ಭಾಷೆಯನ್ನೇ ಹಾಕಿದರು. ಹಿಂದೆ ಐರಿಷ್ ಆಡಿದ್ದಕ್ಕೆ ಏಟು. ಈಗ ಐರಿಷ್ ಬಾರದ್ದಕ್ಕೆ ಏಟು. ಮಗುವಿನ ಬೆನ್ನಿಗೆ ಈ ವ್ಯತ್ಯಾಸ ಹೇಗೆ ತಿಳಿಯಬೇಕು?

ಇಂಥ ಶಾಲೆಗೆ ಪಠ್ಯವಾಗಿ ಬಂದುದು 'ಪೆಗ್'. ಇದು ಪೆಗ್ ಸೇಯರ್ಸ್ ಎಂಬ ಹಳ್ಳಿಯ ಹೆಂಗಸಿನ ಆತ್ಮಕಥೆ, 1936ರಲ್ಲಿ ಪ್ರಕಟವಾಯಿತು. ಆಕೆ 1873ರಲ್ಲಿ ಕೆರಿ ಸೀಮೆಯ ಕಡಲತೀರದ ಡನ್‌ಕ್ವಿನ್ ಎಂಬಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲಿ ಪರರ ಮನೆಯಲ್ಲಿ ಚಾಕರಿ ಮಾಡಿದಳು. ಅಮೆರಿಕಕ್ಕೆ ಹೋದ ಗೆಳತಿ ಕಳುಹಿಸಬೇಕಾಗಿದ್ದ ಹಡಗಿನ ಹಣ ಬರಲೇ ಇಲ್ಲ. ಬ್ಲಾಸ್ಕೆಟ್ ದ್ವೀಪದ ಮೀನುಗಾರನೊಬ್ಬನಿಗೆ ಮದುವೆಯಾಗಿ ಆ ಬಂಡೆಯ ಮೇಲೆ ಬಾಳು ಕಳೆದಳು. ಮಕ್ಕಳು ಸತ್ತರು, ಒಬ್ಬ ಮಗ ಕಡಿಬಂಡೆಯಿಂದ ಜಾರಿ ಬಿದ್ದು ಸತ್ತನು, ಉಳಿದವರು ಅಮೆರಿಕಕ್ಕೆ ಹೊರಟರು. ಆಕೆಗೆ ಐರಿಷ್ ಬರೆಯಲು ಬರುತ್ತಿರಲಿಲ್ಲ. ಆಕೆ ಹೇಳಿದಳು, ಮಗ ಬರೆದುಕೊಂಡ, ಡಬ್ಲಿನ್ನಿನ ವಿದ್ಯಾವಂತೆಯೊಬ್ಬಳು ಸಂಪಾದಿಸಿದಳು.

ಈ ಪುಸ್ತಕದ ಬೆಲೆಯನ್ನು ನಾನು ಕಡಮೆಯೆಂದು ಹೇಳಲಾರೆ. ಮಗನ ಹೆಣವನ್ನು ಮನೆಗೆ ತಂದಾಗ ಅದನ್ನು ತಾನೇ ಹಸನುಮಾಡಿದ ತಾಯಿಯ ಮಾತಿನಲ್ಲಿ ಅಲಂಕಾರವಿಲ್ಲ, ಆವೇಶವಿಲ್ಲ. ದುಃಖವನ್ನು ನಾಲ್ಕು ಜನರೆದುರಿಗೆ ಹೇಳಿ ಹೇಳಿ ಅದಕ್ಕೊಂದು ಆಕಾರ ಬಂದಿದೆ. ನಮ್ಮ ಜನಪದ ಹಾಡುಗಳ ಹೆಣ್ಣುಮಕ್ಕಳ ದನಿಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಪೆಗ್ ಆ ನಾಡಿನ ಕೊನೆಯ ದೊಡ್ಡ ಕಥೆಗಾರ್ತಿಯರಲ್ಲಿ ಒಬ್ಬಳು; ಜನಪದ ಸಂಗ್ರಹಕಾರರು ಆಕೆಯ ಬಾಯಿಂದ ನೂರಾರು ಕಥೆಗಳನ್ನು ಬರೆದುಕೊಂಡಿದ್ದಾರೆ. ಆದರೆ ಕಥೆಗಾರ್ತಿಯ ಕಲೆ ಒಲೆಯ ಸುತ್ತ ಕುಳಿತವರನ್ನು ನೋಡುತ್ತ, ಅವರ ನಗೆಯನ್ನೂ ನಿಟ್ಟುಸಿರನ್ನೂ ತೆಗೆದುಕೊಂಡು ಬೆಳೆಯುವ ಕಲೆ. ಅದನ್ನು ಅಚ್ಚಿಗೆ ತಂದಾಗ ಅರ್ಧ ಉಳಿಯಿತು. ಪಾಠವಾಗಿ ಮಾಡಿದಾಗ ಆ ಅರ್ಧದಲ್ಲಿ ಮತ್ತೆ ಅರ್ಧ ಹೋಯಿತು. ಹದಿನೇಳು ವರ್ಷದ ಡಬ್ಲಿನ್ ಹುಡುಗನ ಮುಂದೆ ಉಳಿದುದು ಮುಪ್ಪು, ಬಡತನ, ಸಾವು, ಭಗವಂತನ ಇಚ್ಛೆ, ಮತ್ತು ಕಂಠಪಾಠಕ್ಕೆ ಪದಗಳ ಪಟ್ಟಿ.

ಹಲವು ದಶಕಗಳ ಕಾಲ, 1990ರ ದಶಕದವರೆಗೂ, ಈ ಪುಸ್ತಕ ಶಾಲೆಗಳಲ್ಲಿತ್ತು. ಎಷ್ಟೋ ಮಂದಿ ಐರಿಷರಿಗೆ ಇಂದಿಗೂ 'ಪೆಗ್' ಎಂದರೆ ಒಂದು ಹಾಸ್ಯದ ಮಾತು, ಇಲ್ಲವೆ ನಿಟ್ಟುಸಿರು. ಪಾಪ, ಆ ಮುದುಕಿ ಮಾಡಿದ ತಪ್ಪೇನು? ಅವಳ ಪುಸ್ತಕವನ್ನು ಆರಿಸಿದವರು ಅದರಲ್ಲಿ ಕಂಡದ್ದು ಒಬ್ಬ ಹೆಂಗಸನ್ನಲ್ಲ, ಇಂಗ್ಲಿಷಿನ ಸೋಂಕಿಲ್ಲದ ಶುದ್ಧ ಭಾಷೆಯ ಮಾದರಿಯನ್ನು. ಸಾಹಿತ್ಯವನ್ನು ವ್ಯಾಕರಣದ ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟು ಬಡಿಸಿದರೆ ಉಣ್ಣುವವರು ಊಟವನ್ನೇ ದ್ವೇಷಿಸುತ್ತಾರೆ. ಐರಿಷ್ ಎಂದರೆ ದೂರದ ದ್ವೀಪದಲ್ಲಿ ಹಿಂದೆಂದೋ ಮುದುಕರು ಆಡುತ್ತಿದ್ದ, ಅಳುವುದಕ್ಕೆ ಮಾತ್ರ ಅನುಕೂಲವಾದ ಭಾಷೆಯೆಂಬ ಪಾಠವನ್ನು ಆ ಮಕ್ಕಳು, ಪ್ರಶ್ನಪತ್ರಿಕೆಯಲ್ಲಿ ಇಲ್ಲದಿದ್ದರೂ, ಚೆನ್ನಾಗಿ ಕಲಿತರು. ಆ ದ್ವೀಪವನ್ನಾದರೋ 1953ರಲ್ಲಿಯೇ ಸರ್ಕಾರ ತೆರವು ಮಾಡಿಸಿತ್ತು. ಅಲ್ಲಿ ಬಾಳುವುದು ಸಾಧ್ಯವಿಲ್ಲವೆಂದು ಜನ ಬಿಟ್ಟು ಬಂದಿದ್ದರು. ಜನವಿಲ್ಲದ ಊರಿನ ಪುಸ್ತಕವನ್ನು ಜನವಿದ್ದ ಊರುಗಳಲ್ಲಿ ಬಾಯಿಪಾಠ ಮಾಡಿಸುವ ಕೆಲಸ ಮುಂದುವರಿಯಿತು.

ಈ ಅಪಾಯವನ್ನು ಬಹಳ ಮುಂಚೆಯೇ ಕಂಡವನು ಬ್ರಯನ್ ಓ ನೋಲನ್. ಇಂಗ್ಲಿಷ್ ಓದುಗರು ಅವನನ್ನು ಫ್ಲಾನ್ ಓಬ್ರಯನ್ ಎಂಬ ಹೆಸರಿನಿಂದ ಬಲ್ಲರು. ಮನೆಯಲ್ಲಿ ಐರಿಷ್ ಆಡುತ್ತ ಬೆಳೆದವನು; ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರ. 1941ರಲ್ಲಿ ಅವನು ಐರಿಷಿನಲ್ಲಿ ಬರೆದ ಒಂದೇ ಒಂದು ಕಾದಂಬರಿಯ ಹೆಸರಿನ ಶಬ್ದಾರ್ಥ 'ಬಡ ಬಾಯಿ'. ಬಡತನದ ಗೋಳು ತೋಡಿಕೊಂಡು ಲಾಭ ಪಡೆಯುವುದಕ್ಕೆ ಆ ನಾಡಿನ ಮಾತು ಅದು. ದ್ವೀಪದವರ ಆತ್ಮಕಥೆಗಳ ಧಾಟಿಯನ್ನೇ ಹಿಡಿದು ಅದನ್ನು ಅಸಂಭವದ ತುದಿಗೆ ಒಯ್ಯುತ್ತಾನೆ. ಕಥಾನಾಯಕನ ಊರಿನಲ್ಲಿ ಮಳೆ ನಿಲ್ಲುವುದೇ ಇಲ್ಲ, ಆಲೂಗೆಡ್ಡೆ ಬಿಟ್ಟು ಊಟವಿಲ್ಲ, ಮನೆಯೊಳಗೇ ಹಂದಿಗಳು. ಶಾಲೆಯ ಮೊದಲ ದಿನ ಮೇಷ್ಟರು ಪ್ರತಿಯೊಬ್ಬ ಹುಡುಗನ ಹೆಸರನ್ನೂ ಕೇಳಿ, ಹೇಳಿದೊಡನೆ ತಲೆಗೆ ಬಡಿದು, ನಿನ್ನ ಹೆಸರು ಅದಲ್ಲವೆಂದು ಎಲ್ಲರಿಗೂ ಒಂದೇ ಇಂಗ್ಲಿಷ್ ಹೆಸರನ್ನಿಡುತ್ತಾನೆ. ಇಂಗ್ಲಿಷ್ ಆಡುವ ಮಗುವಿಗೆ ತಲೆಗಿಷ್ಟೆಂದು ಹಣ ಬರುವುದೆಂದು ತಿಳಿದ ಮುದುಕನು ಹಂದಿಮರಿಗಳಿಗೆ ಅಂಗಿ ತೊಡಿಸಿ ಸಾಲಾಗಿ ಕೂರಿಸಿ ಇನ್‌ಸ್ಪೆಕ್ಟರನ ಲೆಕ್ಕ ತುಂಬಿಸುತ್ತಾನೆ. ಮುಂದೊಂದು ದಿನ ಭಾಷಾವಿದ್ವಾಂಸನೊಬ್ಬನು ಧ್ವನಿಗ್ರಹಣ ಯಂತ್ರ ಹೊತ್ತು ಬಂದು, ಕತ್ತಲಲ್ಲಿ ಗೊರಗುಟ್ಟುವ ಹಂದಿಯ ದನಿಯನ್ನು ಹಿಡಿದು, ಇಷ್ಟು ಶುದ್ಧವಾದ ಐರಿಷ್ ಅರ್ಥವಾಗದಿರುವುದೇ ಅದರ ಲಕ್ಷಣವೆಂದು ಹಿಗ್ಗುತ್ತಾನೆ!

ಓದಿದವರು ನಗದೆ ಇರಲಾರರು. ಆದರೆ ಇದು ಬಡವರನ್ನು ಕಂಡು ನಕ್ಕ ನಗೆಯಲ್ಲ ಎಂಬುದನ್ನು ಗಮನಿಸಬೇಕು. ಈ ಕೃತಿಯ ಬಾಣ ಬೀಳುವುದು ಎರಡು ಕಡೆಗೆ: ಹೆಸರನ್ನು ಕಿತ್ತುಕೊಂಡ ಹಳೆಯ ಶಾಲೆಯ ಮೇಲೆ, ಮತ್ತು ಭಾಷೆಯನ್ನು ಪ್ರೀತಿಸುತ್ತೇವೆಂದು ಹೇಳುತ್ತ ಅದನ್ನಾಡುವವರ ಹಸಿವನ್ನು ನೋಡದ ಹೊಸ ಅಭಿಮಾನಿಗಳ ಮೇಲೆ. ಡಬ್ಲಿನ್ನಿನಿಂದ ಬಂದ ಈ ಮಹನೀಯರು ಐರಿಷ್ ಉತ್ಸವ ಮಾಡಿ, ಐರಿಷ್ ಭಾಷೆಯನ್ನು ಕುರಿತು ಐರಿಷ್ ಭಾಷೆಯಲ್ಲಿ ಗಂಟೆಗಟ್ಟಲೆ ಭಾಷಣ ಮಾಡುತ್ತಾರೆ. ಬಸವಳಿದ ಊರಿನವರು ಕುಣಿಕುಣಿದು ಬಿದ್ದು ಸಾಯುತ್ತಾರೆ. ಇಷ್ಟು ನಿರ್ದಯವಾದ ವಿಡಂಬನೆ ಬರಬೇಕಾದರೆ ಲೇಖಕನಿಗೆ ಆ ಭಾಷೆ ತಾಯಿಯ ತೊಡೆಯಷ್ಟು ಸಲಿಗೆಯದಾಗಿರಬೇಕು. ದೇವರ ಕೋಣೆಯಲ್ಲಿಟ್ಟ ಭಾಷೆಯಲ್ಲಿ ಯಾರೂ ಹಾಸ್ಯ ಮಾಡಲಾರರು. ಶಾಲೆಗಳು ಉಪದೇಶದಿಂದ ಮಾಡಲಾರದ ಉಪಕಾರವನ್ನು ಈ ಕಿಡಿಗೇಡಿ ಪುಸ್ತಕ ಐರಿಷಿಗೆ ಮಾಡಿತೆಂದೇ ನನ್ನ ಮತ.

ಮೂರನೆಯವನು ಮಾರ್ಟಿನ್ ಓ ಕೈನ್, ಈ ಶತಮಾನದ ಹಿಂದಿನ ಶತಮಾನದಲ್ಲಿ ಐರಿಷ್ ಗದ್ಯದ ದೊಡ್ಡ ಹೆಸರು. 1906ರಲ್ಲಿ ಪಶ್ಚಿಮದ ಕಾನೆಮಾರಾ ಪ್ರದೇಶದಲ್ಲಿ ಹುಟ್ಟಿದನು, ಶಾಲೆಯ ಉಪಾಧ್ಯಾಯನಾದನು, ಕ್ರಾಂತಿಕಾರಿ ಸೈನ್ಯದ ಸದಸ್ಯನೆಂದು 1936ರಲ್ಲಿ ಕೆಲಸ ಕಳೆದುಕೊಂಡನು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂಧನ ಶಿಬಿರದಲ್ಲಿದ್ದನು. ಅಲ್ಲಿ ತನ್ನ ಜೊತೆಯ ಬಂಧಿಗಳಿಗೆ ಐರಿಷ್ ಕಲಿಸಿದನು. ಆ ಮುಳ್ಳುತಂತಿಯ ಒಳಗಿನ ತರಗತಿಯಲ್ಲಿ ಪ್ರಶ್ನಪತ್ರಿಕೆಯಿರಲಿಲ್ಲ, ನಪಾಸಿರಲಿಲ್ಲ; ಕಲಿಯಬೇಕೆಂದು ಬಂದವರಿದ್ದರು. ಅವನ ಕಾದಂಬರಿ 'ಕ್ರೇ ನ ಕಿಲೆ', ಎಂದರೆ 'ಮಸಣದ ಮಣ್ಣು', 1949ರದು. ಪುಸ್ತಕವಾಗುವ ಮುನ್ನ ದಿನಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತ್ತು.

ಈ ಕಾದಂಬರಿಯ ಪಾತ್ರಗಳೆಲ್ಲರೂ ಸತ್ತವರು. ಸಮಾಧಿಗಳಲ್ಲಿ ಮಲಗಿ ಮಾತನಾಡುತ್ತಾರೆ. ಮಾತಲ್ಲದೆ ಪುಸ್ತಕದಲ್ಲಿ ಬೇರೇನೂ ಇಲ್ಲ. ಕತ್ರೀನಾ ಎಂಬ ಮುದುಕಿ ಮಣ್ಣಿಗೆ ಬಂದೊಡನೆ ಅವಳ ಮೊದಲ ಚಿಂತೆ ಪರಲೋಕದ್ದಲ್ಲ. ತನ್ನನ್ನು ಒಂದು ಪೌಂಡಿನ ಜಾಗದಲ್ಲಿ ಹೂಳಿದರೋ, ಹದಿನೈದು ಷಿಲಿಂಗಿನ ಜಾಗದಲ್ಲಿ ಹೂಳಿದರೋ ಎಂಬುದು. ಮೇಲೆ ಬದುಕಿರುವ ತಂಗಿಯ ಮೇಲೆ ಅವಳಿಗೆ ತೀರದ ಹಗೆ. ಹೊಸ ಹೆಣ ಬಂದಾಗಲೆಲ್ಲ ಊರಿನ ಸುದ್ದಿ ಕೇಳುತ್ತಾರೆ, ಬೈಯುತ್ತಾರೆ, ಸಾಲದ ಲೆಕ್ಕ ತೆಗೆಯುತ್ತಾರೆ, ಚುನಾವಣೆ ಸಹ ನಡೆಸುತ್ತಾರೆ. ಭಾಷೆ ಸಾಯುತ್ತಿದೆಯೆಂದು ಎಲ್ಲರೂ ಮರುಗುತ್ತಿದ್ದ ಕಾಲದಲ್ಲಿ ಅವನು ಸತ್ತವರನ್ನೇ ಕೂಡಿಸಿ ಬಾಯಿ ತೆಗೆಸಿದನು. ಮಣ್ಣಿನೊಳಗಿಂದ ಬಂದ ಮಾತು ಮೇಲಿನವರ ಮಾತಿಗಿಂತ ಬಿಸಿಯಾಗಿದೆ. ಪೆಗ್‌ಳ ಸಹನೆಗೆ ಇಲ್ಲಿ ಎಡೆಯಿಲ್ಲ. ಅನುವಾದದಲ್ಲಿಯೂ ಆ ಬೈಗುಳದ ಲಯ ಕಿವಿಗೆ ಬಡಿಯುತ್ತದೆ. ಆದರೂ ಈ ಕೃತಿ ಇಡಿಯಾಗಿ ಇಂಗ್ಲಿಷಿಗೆ ಬಂದು ಅಚ್ಚಾದುದು 2015ರಲ್ಲಿ, ಮರುವರ್ಷ ಇನ್ನೊಂದು ಅನುವಾದ. ಲೋಕ ಇದನ್ನು ಕಾಣಲು ಅರವತ್ತು ವರ್ಷಕ್ಕೂ ಮೀರಿ ಕಾಯಬೇಕಾಯಿತು.

ಇಷ್ಟರಿಂದ ಶಾಲೆಯ ಕಡ್ಡಾಯವೆಲ್ಲ ವ್ಯರ್ಥವೆಂದು ಹೇಳಿದರೆ ಅನ್ಯಾಯವಾದೀತು. ಕಡ್ಡಾಯವಿಲ್ಲದಿದ್ದರೆ ಆ ಭಾಷೆಯ ಅರಿವು ಕಡಲತೀರದ ಕೆಲವು ಹಳ್ಳಿಗಳಾಚೆಗೆ ಉಳಿಯುತ್ತಿತ್ತೇ ಎಂಬುದು ಅನುಮಾನ. 1973ರ ನಂತರ ಒಂದು ವಿಚಿತ್ರ ನಡೆಯಿತು. ನಪಾಸಿನ ಭಯ ಹೋದಮೇಲೆ ನಗರಗಳ ತಂದೆತಾಯಿಗಳು ತಾವಾಗಿಯೇ ಐರಿಷ್ ಮಾಧ್ಯಮದ ಶಾಲೆಗಳನ್ನು ಬೇಡತೊಡಗಿದರು. ಹಳ್ಳಿಗಾಡಿನ ಐರಿಷ್ ಪ್ರದೇಶಗಳ ಹೊರಗೆ, ಅಂದು ಬೆರಳೆಣಿಕೆಯಷ್ಟಿದ್ದ ಇಂಥ ಪ್ರಾಥಮಿಕ ಶಾಲೆಗಳು ಇಂದು ಇಡೀ ದ್ವೀಪದಲ್ಲಿ ನೂರೈವತ್ತಕ್ಕೂ ಮಿಗಿಲಾಗಿವೆ. ಬ್ರಿಟಿಷ್ ಆಡಳಿತದಲ್ಲಿರುವ ಬೆಲ್‌ಫಾಸ್ಟಿನಲ್ಲಿ ಕೆಲವು ಕುಟುಂಬಗಳು ಒಂದೇ ಬೀದಿಯಲ್ಲಿ ಮನೆ ಕಟ್ಟಿಕೊಂಡು ಮಕ್ಕಳನ್ನು ಐರಿಷಿನಲ್ಲಿ ಬೆಳೆಸಿ, 1971ರಲ್ಲಿ ಶಾಲೆಯನ್ನೂ ತೆರೆದುವು. ಸರ್ಕಾರದ ಮನ್ನಣೆ ದೊರೆತದ್ದು 1984ರಲ್ಲಿ. ಅಷ್ಟು ವರ್ಷ ಅದನ್ನು ನಡೆಸಿದ್ದು ಜನರ ಚಂದಾಹಣ. ಐರಿಷ್ ಆಡುವ ಹಳ್ಳಿಗರು ಹಕ್ಕಿಗಾಗಿ ಹೋರಾಡಿದ ಮೇಲೆ 1972ರಲ್ಲಿ ಅವರದೇ ರೇಡಿಯೊ ಬಂದಿತು, 1996ರಲ್ಲಿ ದೂರದರ್ಶನ. 2012ರಿಂದ ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತು ಅಂಕ ಬಾಯಿಮಾತಿಗೆ ಮೀಸಲಾಯಿತು. ಭಾಷೆಯನ್ನು ಆಡಿದ್ದಕ್ಕೆ ಅಂಕ ಕೊಡಬೇಕೆಂಬ ಈ ಸರಳ ವಿವೇಕ ಬರಲು ತೊಂಬತ್ತು ವರ್ಷ ಹಿಡಿಯಿತು!

ಆದರೆ ನಗರದಲ್ಲಿ ಬೆಳಕು ಕಾಣುತ್ತಿರುವಾಗ ಹಳ್ಳಿಯಲ್ಲಿ ದೀಪ ಸಣ್ಣಗಾಗುತ್ತಿದೆ. ಐರಿಷ್ ಪ್ರದೇಶಗಳೆಂದು ಗುರುತಾದ ಊರುಗಳ ಜನಸಂಖ್ಯೆ 2022ರಲ್ಲಿ 1,06,220. ಅಲ್ಲಿ ಶಾಲೆಯ ಹೊರಗೆ ದಿನವೂ ಐರಿಷ್ ಆಡುವವರು 20,261 ಮಂದಿ ಮಾತ್ರ. ಅಲ್ಲಿಯ ಯುವಕರಿಗೆ ಊರಿನಲ್ಲಿ ಕೆಲಸ ಬೇಕು, ಕೈಗೆಟಕುವ ಬೆಲೆಗೆ ಮನೆ ಬೇಕು. ಅದಿಲ್ಲದೆ ಅವರು ಹೊರಟುಹೋದರೆ ಯಾವ ಪಠ್ಯಪುಸ್ತಕವೂ ಅವರ ಜಾಗದಲ್ಲಿ ನಿಂತು ಮಾತನಾಡಲಾರದು.

ಐರ್ಲೆಂಡಿಗೂ ನಮಗೂ ಒಂದು ಋಣದ ಸಂಬಂಧವಿದೆಯೆಂಬುದನ್ನು ಕನ್ನಡ ಓದುಗರು ಬಲ್ಲರು. 1924ರಲ್ಲಿ ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಯುವಕ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಹಿತವಚನ ಹೇಳಿದರು. ಕುವೆಂಪು ಆದುದು ಆಮೇಲೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಕಸಿನ್ಸರು ತಮ್ಮ ಕಾವ್ಯವನ್ನು ಬರೆದುದು ಇಂಗ್ಲಿಷಿನಲ್ಲಿ. ತನ್ನ ಕುಲದ ನುಡಿ ಕೈಬಿಟ್ಟು ಹೋದ ನಾಡಿನಿಂದ ಬಂದವರಾದ್ದರಿಂದಲೇ ಆ ಮಾತನ್ನು ಅಷ್ಟು ನೇರವಾಗಿ ಹೇಳಿದರೋ ಏನೋ! ನಮ್ಮ ಅದೃಷ್ಟಕ್ಕೆ ಕೇಳಿದವರ ಬಾಯಲ್ಲಿ ಮಲೆನಾಡಿನ ಮಾತು ಬೆಚ್ಚಗಿತ್ತು. ಹಿತವಚನ ಫಲಿಸಿದುದು ಅದು ಬಿದ್ದ ನೆಲದ ಗುಣದಿಂದ.

ಇಪ್ಪತ್ತು ವರ್ಷಗಳಿಂದ ನನ್ನ ತರಗತಿಯಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ, "ಇದು ಪರೀಕ್ಷೆಗೆ ಬರುತ್ತದೆಯೇ, ಸಾರ್?" ಎಂಬುದು. ಕೇಳುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರದೊಳಗಿರುವವರು ಯಂತ್ರದ ಮಾತನ್ನಾಡುತ್ತಾರೆ. ಪಠ್ಯವನ್ನು ಆರಿಸುವವರು ಮಾತ್ರ ಈ ಮೂರು ಐರಿಷ್ ಪುಸ್ತಕಗಳನ್ನು ಒಮ್ಮೆ ಓದಬೇಕೆಂದು ನನ್ನ ಆಸೆ. ಹದಿನೇಳು ವರ್ಷದವರಿಗೆ ಪೆಗ್‌ಳ ದುಃಖವೂ ಬೇಕು, ಅಂಗಿ ತೊಟ್ಟ ಹಂದಿಮರಿಗಳೂ ಬೇಕು, ಹದಿನೈದು ಷಿಲಿಂಗಿನ ಗುಂಡಿಯಲ್ಲಿ ಮಲಗಿ ತಂಗಿಯನ್ನು ಶಪಿಸುವ ಕತ್ರೀನಾಳೂ ಬೇಕು. ಮೂರರಲ್ಲಿ ಮೊದಲನೆಯದನ್ನು ಮಾತ್ರ ಕೊಟ್ಟು, ಅದಕ್ಕೂ ಅಂಕದ ಮೊಳೆ ಹೊಡೆದ ದೇಶವೊಂದು, ಕಳೆದುಕೊಂಡ ಮಾತನ್ನು ಈಗ ಬೀದಿಬೀದಿಯಲ್ಲಿ ಮನೆಮನೆಯಾಗಿ ಮತ್ತೆ ಕೂಡಿಸಿಕೊಳ್ಳುತ್ತಿದೆ.